ಮನೆ ಮುರಿಯದ ಹಾಗೆ ಪಾಲು ಮಾಡಿದ ಅಜ್ಜ

ನಿಮ್ಮ ಅಜ್ಜ ತೊಂಬತ್ತು ದಾಟಿ ಹೋದರು, ವೈಕುಂಠ ಸಮಾರಾಧನೆಯ ದಿನ ನಾಲ್ಕು ಮಾತಾಡಿ ಅಂದಿದ್ದಾರೆ, ‘ತುಂಬು ಜೀವನ ನಡೆಸಿದರು, ಮನೆಗಾಗಿ ದುಡಿದರು’ ಅನ್ನೋದು ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ ಅಂತ ಬರೆದಿದ್ದೀರಿ. ನಿಮ್ಮ ಮನೆಯ ಹಿರಿಯರನ್ನು ಹೇಗೆ ನೆನೆಯುತ್ತೀರಿ ಅಂತಲೂ ಕೇಳಿದ್ದೀರಿ. ಆ ಎರಡು ಮಾತು ಯಾರ ಅಜ್ಜನಿಗಾದರೂ ಹೊಂದುತ್ತವೆ, ಅದೇ ತೊಂದರೆ. ನಮ್ಮ ಅಜ್ಜನ ವಿಷಯ ಹೇಳುತ್ತೇನೆ. ನಿಮಗೆ ಏನಾದರೂ ಸಿಕ್ಕಬಹುದು.

ಅಜ್ಜ ಅಂದರೆ ಅಪ್ಪನ ಅಪ್ಪ. 1926ರಲ್ಲಿ ಹುಟ್ಟಿ 2021ರ ಮಳೆಗಾಲದಲ್ಲಿ ಹೋದರು. ಹುಟ್ಟಿದ ಊರು ಅವರಿಗಿಂತ ಎಷ್ಟೋ ಮುಂಚೆ ಹೋಗಿತ್ತು. ಸಾಗರ ತಾಲ್ಲೂಕಿನ ಶರಾವತಿ ಕಣಿವೆ ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರೊಳಗೆ ಸೇರಿದವು. ನಮ್ಮ ಕಡೆ ‘ಮುಳುಗಡೆ’ ಅಂದರೆ ಸಾಕು, ಯಾರಿಗೂ ವಿವರಿಸಬೇಕಿಲ್ಲ. ಮದುವೆ, ಸಾವು, ಜಗಳ ಎಲ್ಲಕ್ಕೂ ಮುಳುಗಡೆಗೆ ಮುಂಚೆ, ಮುಳುಗಡೆ ಆದಮೇಲೆ ಅಂತಲೇ ಲೆಕ್ಕ. ಅದಕ್ಕೂ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಆ ನೀರಲ್ಲೇ ಮುಳುಗಿತು. ಕಡು ಬೇಸಿಗೆಯಲ್ಲಿ ನೀರು ಇಳಿದರೆ ಅದು ಮೇಲೆ ಕಾಣುತ್ತದೆ, ಜನ ಫೋಟೋ ತೆಗೆಸಿಕೊಳ್ಳೋಕೆ ಹೋಗುತ್ತಾರೆ. ಅಜ್ಜ ಒಮ್ಮೆಯೂ ಆ ಕಡೆ ತಲೆ ಹಾಕಲಿಲ್ಲ. ಆದರೆ ಮಳೆಗಾಲ ಶುರುವಾದರೆ ಪೇಪರಿನಲ್ಲಿ ಮೊದಲು ನೋಡುತ್ತಿದ್ದದ್ದು ಲಿಂಗನಮಕ್ಕಿ ಮಟ್ಟ. ಪೂರ್ತಿ ತುಂಬುವ ಮಟ್ಟವಾದ 1819 ಅಡಿಗೆ ಎಷ್ಟು ಬಾಕಿ ಅಂತ ಬಾಯಲ್ಲೇ ಕಳೆದು ಹೇಳುತ್ತಿದ್ದರು. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ್ದು 1035 ಮೆಗಾವ್ಯಾಟ್. ನಮ್ಮನೆಗೆ ಬಲ್ಬು ಬಂದಿದ್ದು ಅಪ್ಪ ಕಾಲೇಜು ಮುಗಿಸಿದ ಮೇಲೆ! ಕರೆಂಟು ಹೋದಾಗಲೆಲ್ಲ ಅಜ್ಜ, “ನಮ್ಮ ತೋಟದ ಮೇಲಿನ ನೀರು ಖರ್ಚಾಯ್ತೇನೋ” ಅನ್ನುತ್ತಿದ್ದರು. ಅವರು ಮಾಡುತ್ತಿದ್ದ ತಮಾಷೆ ಅದೊಂದೇ.

ಲಾರಿಯಲ್ಲಿ ಸಾಮಾನು ಹೇರಿಕೊಂಡು ಹೊಸ ಜಾಗಕ್ಕೆ ಬಂದಾಗ ಅವರಿಗೆ ನಲವತ್ತು ಹತ್ತಿರ. ಜೊತೆಗೆ ತಾಯಿ, ಮೂವರು ತಮ್ಮಂದಿರು, ಗಂಡ ತೀರಿಕೊಂಡು ಮಗು ಎತ್ತಿಕೊಂಡು ತವರಿಗೆ ಬಂದಿದ್ದ ತಂಗಿ, ಅಜ್ಜಿ, ನಮ್ಮಪ್ಪ, ಅತ್ತೆ. ಹಳೇ ತೋಟದ ಬೀಜದ ಅಡಿಕೆ ಒಂದು ಗೋಣಿಚೀಲ ಮಾತ್ರ ಬೇರೆ ಯಾರ ಕೈಗೂ ಕೊಡದೆ ತಾವೇ ಹೊತ್ತು ತಂದರಂತೆ. ಕಾಡು ಕಡಿದು, ಸಸಿ ಮಾಡಿ, ನೆಟ್ಟು, ಫಸಲು ನೋಡೋಕೆ ಅಡಿಕೆಗೆ ಆರೇಳು ವರ್ಷ ಬೇಕು. ಅಲ್ಲಿವರೆಗೆ ಎಲ್ಲರೂ ಉಣ್ಣಬೇಕಲ್ಲ? ಸ್ವಂತ ತೋಟ ಇದ್ದವರು ಬೇರೆಯವರ ಗದ್ದೆಯಲ್ಲಿ ಕೂಲಿಗೆ ಹೋದರು. ಮೇಲಿಂದ ಮಂಗನ ಕಾಯಿಲೆಯ, ಅಂದರೆ ಕಾಡಿನ ಉಣ್ಣೆ ಕಚ್ಚಿ ಬರುವ ಜ್ವರದ, ಹೆದರಿಕೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಅದು. ಕಾಡಲ್ಲಿ ಎಲ್ಲೋ ಮಂಗ ಸತ್ತಿದೆ ಅಂತ ಸುದ್ದಿ ಬಂದರೆ ಮಕ್ಕಳು ಸೊಪ್ಪಿಗೂ ಹೋಗುವಂತಿರಲಿಲ್ಲ. ಅಜ್ಜ ಒಬ್ಬರೇ ಹೋಗಿ ತರುತ್ತಿದ್ದರು.

ನಾನು ಕಣ್ಣಾರೆ ಕಂಡದ್ದು ಔಷಧಿ ಹೊಡೆಯುವ ಕಾಲದ ಅಜ್ಜನನ್ನು. ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ರೂಢಿಗೆ ತಂದದ್ದು ಅದು, ನೂರು ವರ್ಷದ ಮೇಲಾಯಿತು. 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಬೇಕು. ಕೂಡಿಸಿದ ಮೇಲೆ ಅಜ್ಜ ತಿಕ್ಕಿ ತೊಳೆದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ಹಿಡಿಯುತ್ತಿದ್ದರು. ಎತ್ತಿದಾಗ ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಅಡಿಕೆ ಗೊನೆ ಸುಟ್ಟುಹೋಗುತ್ತದೆ. ತೋಟಕ್ಕೆ ಇಳಿಯೋಕೆ ಆಗದ ವಯಸ್ಸಿನಲ್ಲೂ ಡ್ರಮ್ ಪಕ್ಕ ಕುರ್ಚಿ ಹಾಕಿಸಿಕೊಂಡು ಕತ್ತಿ ಅದ್ದುತ್ತಿದ್ದರು. ಹುಳಿ, ಕ್ಷಾರ ಎಷ್ಟು ಅಂತ ಬಣ್ಣದಲ್ಲಿ ತೋರಿಸುವ ಪಿಎಚ್ ಪೇಪರ್ ನಾವು ತಂದುಕೊಟ್ಟೆವು. ಅದನ್ನೂ ನೋಡಿದರು, ಕತ್ತಿಯನ್ನೂ ನೋಡಿದರು. ತಮ್ಮಂದಿರ ತೋಟಕ್ಕೆ ಹೋಗುವ ಡ್ರಮ್ಮುಗಳಿಗೂ ಇದೇ ಪರೀಕ್ಷೆ.

ತಮ್ಮಂದಿರ ತೋಟ ಅಂದೆನಲ್ಲ, ನನಗೆ ಎಲ್ಲಕ್ಕಿಂತ ಜಾಸ್ತಿ ನೆನಪಾಗುವುದು ಆ ಕಥೆ. ಹಿರಿಯರು ‘ಕೊನೆವರೆಗೂ ಮನೆ ಒಡೆಯಲು ಬಿಡಲಿಲ್ಲ’ ಅಂತ ಹೊಗಳುವುದು ವಾಡಿಕೆ. ನಮ್ಮ ಅಜ್ಜ ತಾವೇ ಮುಂದೆ ನಿಂತು ಪಾಲು ಮಾಡಿದರು. 1995ರ ಸುಮಾರಿಗೆ ಒಲೆ ಹತ್ತಿರ ಕಿರಿಕಿರಿ ಶುರುವಾಗಿತ್ತು. ಯಾರೂ ಬಾಯಿ ಬಿಡುವ ಮುಂಚೆಯೇ ತಮ್ಮಂದಿರನ್ನು ಜಗಲಿಗೆ ಕರೆದು, “ನಾನು ಇರುವಾಗಲೇ ಆಗಲಿ, ಸತ್ತಮೇಲೆ ಕೋರ್ಟಿನಲ್ಲಿ ಬೇಡ” ಅಂದರಂತೆ. ತೋಟವನ್ನು ಐದು ಭಾಗ ಮಾಡಿದ್ದು ಅವರು. ಆರಿಸುವುದು ಮಾತ್ರ ಕಿರಿಯರಿಂದ ಶುರು, ಭಾಗ ಮಾಡಿದವರದ್ದು ಕೊನೆ. ಹಾಗಾಗಿ ಅವರಿಗೆ ಉಳಿದದ್ದು ಬಿಸಿಲು ಬೀಳದ ಕೆಳಗಿನ ತೋಟ. ಕೊಳೆ ಮೊದಲು ಬರುವುದೇ ಅಲ್ಲಿಗೆ.

ನಾಲ್ವರು ಅಣ್ಣತಮ್ಮಂದಿರಿಗೆ ಐದು ಭಾಗ ಯಾಕೆ? ಐದನೆಯದು ತಂಗಿಗೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕದಲ್ಲಿ ತಿದ್ದುಪಡಿ ಬಂದದ್ದು 1994ರಲ್ಲಿ. ಆದರೆ ಅದಕ್ಕೆ ಮುಂಚೆ ಮದುವೆ ಆದವರಿಗೆ ಅದು ಸಿಗುತ್ತಿರಲಿಲ್ಲ. ಒಬ್ಬ ಚಿಕ್ಕಜ್ಜ ಇದನ್ನೇ ಹಿಡಿದು ತಕರಾರು ತೆಗೆದರು. “ಕೊಡಬಾರದು ಅಂತ ಆ ಕಾನೂನಿನಲ್ಲಿ ಎಲ್ಲಿ ಬರೆದಿದೆ, ತೋರಿಸು” ಅಂತ ಅಜ್ಜ ಕೇಳಿದರಂತೆ. ಅಲ್ಲಿಗೆ ಮುಗಿಯಿತು. ಈಗಲೂ ಚೌತಿ ಹಬ್ಬಕ್ಕೆ ಐದೂ ಮನೆಯವರು ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಪಾಲು ಮಾಡದೆ ಎಳೆದಾಡಿದ್ದರೆ ಇದು ಆಗುತ್ತಿರಲಿಲ್ಲ ಅಂತ ನನ್ನ ಗಟ್ಟಿ ನಂಬಿಕೆ.

ಹಾಗಂತ ಅವರು ದೇವರೇನಲ್ಲ. ಮಗಳನ್ನು, ಅಂದರೆ ನಮ್ಮ ಅತ್ತೆಯನ್ನು, ಎಸ್‌ಎಸ್‌ಎಲ್‌ಸಿ ಆದಮೇಲೆ ಓದಿಸಲಿಲ್ಲ. ಬಸ್ಸಿಲ್ಲ, ದೂರ ಅಂತ ನೆಪ. ಅದೇ ದೂರಕ್ಕೆ ಅಪ್ಪ ಹೋಗಿಬಂದರಲ್ಲ! ಅತ್ತೆಗೆ ಆ ಸಿಟ್ಟು ಇನ್ನೂ ಇದೆ, ಇರಬೇಕಾದ್ದೇ. ಇನ್ನು ಅಜ್ಜಿ. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿದು, ಬೆಳಗ್ಗೆ ಎದ್ದು ಅಷ್ಟೂ ಜನಕ್ಕೆ ದೋಸೆ ಹುಯ್ದವರು. ‘ಅಜ್ಜ ಮನೆ ಎತ್ತಿ ನಿಲ್ಲಿಸಿದರು’ ಅಂತ ಯಾರಾದರೂ ಅಂದರೆ ನನಗೆ ಒಂಥರಾ ಆಗುತ್ತದೆ.

ನಿಮ್ಮ ಪ್ರಶ್ನೆಗೆ ಬರೋಣ. ಸಮಾರಾಧನೆಗೆ ಇನ್ನೂ ಸಮಯ ಇದೆ ಅಂದಿದ್ದೀರಿ. ನಿಮ್ಮನೆಯ ಹೆಂಗಸರ ಹತ್ತಿರ ಮೊದಲು ಕೂತು ಕೇಳಿ, ಅದರಲ್ಲೂ ಅಜ್ಜನ ತಂಗಿಯರು ಯಾರಾದರೂ ಇದ್ದರೆ. ಗಂಡಸರು ಗುಣ ಹೇಳುತ್ತಾರೆ, ಹೆಂಗಸರು ನಡೆದದ್ದು ಹೇಳುತ್ತಾರೆ, ನಾನು ಕಂಡ ಹಾಗೆ. ಪಾಲುಪಟ್ಟಿ, ಹಳೇ ಪಹಣಿ, ಸೊಸೈಟಿ ಪಾಸ್‌ಬುಕ್ ಇದ್ದರೆ ಟ್ರಂಕಿನಿಂದ ತೆಗೆದು ನೋಡಿ. ಯಾವ ವರ್ಷ ಯಾರಿಗೋಸ್ಕರ ಸಾಲ ಮಾಡಿದರು ಅನ್ನೋದು ಅಲ್ಲೇ ಇರುತ್ತದೆ. ಅದರಲ್ಲಿ ಒಂದೇ ಒಂದು ಸಂಗತಿ ಆರಿಸಿಕೊಂಡು ಅದನ್ನಷ್ಟೇ ಪೂರ್ತಿ ಹೇಳಿ. ಐದು ನಿಮಿಷ ಸಾಕು, ಊಟಕ್ಕೆ ಎಲೆ ಹಾಕಿರುತ್ತಾರೆ.