ಸೌದೆ ಬಾಯ್ಲರ್ ಕೂರಿಸುವ ಮುನ್ನ: ಹಬೆಗೆ ದಾರಿ, ಹೊಗೆಗೆ ದಾರಿ, ಒಣ ಸೌದೆ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಮನೆಯಲ್ಲಿ ಆರು ಜನ. ಹಳೆ ಮನೆಯ ಬಚ್ಚಲಲ್ಲಿ ಹಂಡೆ ಒಲೆ ಇತ್ತು. ಈಗ ಸೌದೆ ಬಾಯ್ಲರ್ ಹಾಕಿಸಿ ಎರಡು ಬಚ್ಚಲಿಗೂ ಅಡುಗೆಮನೆಗೂ ಪೈಪಿನಲ್ಲಿ ಬಿಸಿನೀರು ಬರುವಂತೆ ಮಾಡಬೇಕೆಂದಿದ್ದೇವೆ. ತಾಮ್ರದ್ದು ಒಳ್ಳೆಯದೋ ಸ್ಟೀಲಿನದೋ? ಎಷ್ಟು ಲೀಟರಿನದು ಬೇಕು? ಎಲ್ಲಿ ಕೂರಿಸಬೇಕು?

ಉತ್ತರ: ಲೀಟರಿನ ಲೆಕ್ಕ ಸುಲಭ. ಅದನ್ನು ಮೊದಲು ಮುಗಿಸೋಣ. ಒಬ್ಬರ ಸ್ನಾನಕ್ಕೆ ಹದವಾದ ನೀರು 25 ಲೀಟರ್ ಇದ್ದರೆ ಧಾರಾಳ. ಬಾಯ್ಲರಿನ ನೀರು 60 ಡಿಗ್ರಿ, ನಲ್ಲಿಯ ತಣ್ಣೀರು 20 ಡಿಗ್ರಿ ಇದೆ ಅಂದುಕೊಳ್ಳಿ. ಅರ್ಧಕ್ಕರ್ಧ ಬೆರೆಸಿದರೆ 40 ಡಿಗ್ರಿ, ಸ್ನಾನಕ್ಕೆ ಸರಿಯಾದ ಹದ. ಅಂದರೆ 100 ಲೀಟರಿನ ಬಾಯ್ಲರ್ ಒಮ್ಮೆ ಕಾದರೆ 200 ಲೀಟರ್ ಸ್ನಾನದ ನೀರು. ಎಂಟು ಜನಕ್ಕೆ ಆಗುತ್ತದೆ. ಬಿಸಿನೀರು ಮೇಲಿನಿಂದ ಹೋದಂತೆ ಕೆಳಗಿನಿಂದ ತಣ್ಣೀರು ಸೇರಿಕೊಳ್ಳುವುದರಿಂದ ಪೂರ್ತಿ ಲೆಕ್ಕ ಕೈಗೆ ಸಿಗುವುದಿಲ್ಲ. ಆರು ಜನಕ್ಕೆ 100 ಲೀಟರ್ ಸರಿ. ನೆಂಟರು ಬರುತ್ತಾರೆ ಅಂತ 200 ಲೀಟರಿನದು ತರಬೇಡಿ. ಇಬ್ಬರೇ ಇದ್ದ ದಿನವೂ ಅಷ್ಟೂ ನೀರು ಕಾಯಿಸಬೇಕಾಗುತ್ತದೆ. ನೆಂಟರು ಬಂದಾಗ ಎರಡು ಕಟ್ಟಿಗೆ ಜಾಸ್ತಿ ಹಾಕಿದರೆ ಆಯಿತು.

ಇನ್ನು ಸೌದೆಯ ಲೆಕ್ಕ. 100 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಬೇಕಾದ ಶಾಖ ಸುಮಾರು 4.7 ಯೂನಿಟ್ ಕರೆಂಟಿಗೆ ಸಮ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ನಾಲ್ಕು ಯೂನಿಟ್ಟಿಗೂ ಸ್ವಲ್ಪ ಜಾಸ್ತಿ ಶಾಖ ಇರುತ್ತದೆ. ಹಾಗಾದರೆ ಒಂದು ಕಿಲೋ ಚಿಲ್ಲರೆ ಸೌದೆ ಸಾಕಾಗಬೇಕು, ಅಲ್ವಾ? ಆಗುವುದಿಲ್ಲ. ಮುಕ್ಕಾಲು ಪಾಲು ಶಾಖ ಹೊಗೆಯ ಜೊತೆ ಹೊರಗೆ ಹೋಗುವ ಒಲೆಗಳೇ ಹೆಚ್ಚು. ಮೂರನೇ ಒಂದು ಪಾಲು ಶಾಖ ನೀರಿಗೆ ಸೇರಿದರೆ ಅದು ಒಳ್ಳೆಯ ಬಾಯ್ಲರ್. ಆಗ ಮೂರೂವರೆ ಕಿಲೋ ಸೌದೆ ಬೇಕು. ಸುತ್ತ ಸಂದಿ ಬಿಟ್ಟು ಕೂರಿಸಿದ ಹಂಡೆಗೆ ಇದರ ಎರಡು ಪಾಲು ಹಿಡಿಯುತ್ತದೆ. ಬಾಯ್ಲರಿನ ನಡುವೆ ಹೊಗೆ ಹೋಗುವ ಕೊಳವೆ, ಅದರ ಸುತ್ತ ನೀರು ಇರುವುದರಿಂದ ಹೊಗೆಯ ಶಾಖ ಹೊರಗೆ ಹೋಗುವಷ್ಟರಲ್ಲಿ ನೀರಿಗೆ ತಾಗುತ್ತದೆ. ಹಂಡೆಗಿಂತ ಬಾಯ್ಲರ್ ಮೇಲು ಅನ್ನುವುದಕ್ಕೆ ಇದೇ ಕಾರಣ.

ತಾಮ್ರವೋ ಸ್ಟೀಲೋ ಅನ್ನುವ ಪ್ರಶ್ನೆಗೆ ಜನ ಕೊಡುವ ತೂಕ ಜಾಸ್ತಿಯಾಯಿತು ಅನ್ನಿಸುತ್ತದೆ ನನಗೆ. ಶಾಖ ಸಾಗಿಸುವುದರಲ್ಲಿ ತಾಮ್ರ ಸ್ಟೇನ್‌ಲೆಸ್ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಮುಂದೆ ಇದೆ, ನಿಜ. ಆದರೆ ಬಾಯ್ಲರಿನ ತಗಡು ಒಂದೆರಡು ಮಿಲಿಮೀಟರ್ ದಪ್ಪ ಮಾತ್ರ. ಅಷ್ಟನ್ನು ದಾಟಲು ಶಾಖಕ್ಕೆ ಯಾವ ಲೋಹದಲ್ಲೂ ಕಷ್ಟವಿಲ್ಲ. ಕಷ್ಟ ಇರುವುದು ಬಿಸಿ ಹೊಗೆಯಿಂದ ತಗಡಿಗೆ ಶಾಖ ತಾಗುವ ಜಾಗದಲ್ಲಿ. ಅಲ್ಲಿ ಮಸಿ ಕೂತರೆ ತಾಮ್ರವೂ ಒಂದೇ, ಸ್ಟೀಲೂ ಒಂದೇ. ತಿಂಗಳಿಗೊಮ್ಮೆ ನಡುವಿನ ಕೊಳವೆಯ ಮಸಿ ಉಜ್ಜಿ ತೆಗೆಯುವ ಮನೆಯ ಸ್ಟೀಲ್ ಬಾಯ್ಲರ್, ಉಜ್ಜದೇ ಬಿಟ್ಟ ತಾಮ್ರದ ಬಾಯ್ಲರಿಗಿಂತ ಬೇಗ ಕಾಯುತ್ತದೆ.

ಲೋಹ ಆರಿಸುವಾಗ ನೋಡಬೇಕಾದ್ದು ನಿಮ್ಮ ನೀರನ್ನು. ಮಲೆನಾಡಿನ ಬಾವಿ ನೀರು, ಅಬ್ಬಿ ನೀರು ಸಾಮಾನ್ಯವಾಗಿ ಮೆದು. ಜಂಬಿಟ್ಟಿಗೆ ಮಣ್ಣಿನ ಕಡೆ ಅದು ಸ್ವಲ್ಪ ಹುಳಿ ಗುಣದ್ದೂ ಆಗಿರುತ್ತದೆ. ಅಂಥ ನೀರು ಲೋಹವನ್ನು ಮೆಲ್ಲಗೆ ತಿನ್ನುತ್ತದೆ. ತಾಮ್ರದ ಪಾತ್ರೆಯ ನೀರು ಬಿದ್ದ ಕಡೆ ನೀಲಿ-ಹಸಿರು ಕಲೆ ಮೂಡುತ್ತಿದ್ದರೆ ನೀವು ಸ್ಟೇನ್‌ಲೆಸ್ ಸ್ಟೀಲ್ ಕಡೆಗೇ ಹೋಗಿ. ಕಲೆ ಇಲ್ಲದಿದ್ದರೆ ತಾಮ್ರ ಹಾಕಿಸಿ, ಸಂತೋಷ. ಬೆಸುಗೆ ಬಿಟ್ಟರೆ ರಿಪೇರಿ ಮಾಡುವವರು ಊರಲ್ಲೇ ಸಿಗುತ್ತಾರೆ, ಹಳತಾದ ಮೇಲೂ ತಾಮ್ರಕ್ಕೆ ಬೆಲೆ ಇದೆ. ಒಂದು ಎಚ್ಚರ: ತಾಮ್ರದ ಬಾಯ್ಲರಿನಿಂದ ಹೊರಡುವ ನೀರನ್ನು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಬಿಡಬೇಡಿ. ನೀರಲ್ಲಿ ಕರಗಿ ಬಂದ ಚೂರು ತಾಮ್ರ ಜಿಐ ಪೈಪನ್ನು ಒಳಗಿಂದ ತೂತು ಮಾಡುತ್ತದೆ.

ಹಾಗಾದರೆ ಯಾವ ಪೈಪು? ಬಾಯ್ಲರಿನಿಂದ ಮೊದಲ ಆರೇಳು ಅಡಿ ತಾಮ್ರ ಅಥವಾ ಸ್ಟೇನ್‌ಲೆಸ್ ಸ್ಟೀಲ್. ಆಮೇಲೆ ಸಿಪಿವಿಸಿ, ಅಂದರೆ ಬಿಸಿನೀರಿಗೆ ಬಳಸುವ ಪ್ಲಾಸ್ಟಿಕ್ ಪೈಪು. ಸೌದೆ ಒಲೆಗೆ ಗೀಸರಿನ ಹಾಗೆ ತಾನೇ ಆಫ್ ಆಗುವ ಗುಣವಿಲ್ಲ, ನೀರು ಕುದಿಯುವವರೆಗೂ ಹೋಗಬಹುದು. 90 ಡಿಗ್ರಿ ದಾಟಿದ ನೀರಿಗೆ ಸಿಪಿವಿಸಿ ಮೆತ್ತಗಾಗುತ್ತದೆ. ತಣ್ಣೀರಿಗೆ ಬಳಸುವ ಬಿಳಿ ಯುಪಿವಿಸಿಯಂತೂ ಈ ಸಾಲಿನಲ್ಲಿ ಎಲ್ಲೂ ಬೇಡ.

ಜಾಗದ ವಿಷಯ. ಬಾಯ್ಲರ್ ಬಚ್ಚಲಿನ ಗೋಡೆಗೆ ಹತ್ತಿರ ಇರಲಿ, ಉರಿಬಾಯಿ ಮಾತ್ರ ಹಿತ್ತಲ ಕಡೆ, ಮಾಡಿನ ಕೆಳಗೆ, ಹೊರಗೆ ಇರಲಿ. ಬಾಗಿಲು ಹಾಕಿದ ಬಚ್ಚಲಲ್ಲಿ ಕೆಂಡ ಇದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನ ಮಾಡುವವರಿಗೆ ತಲೆ ಭಾರ ಅನ್ನಿಸುವಷ್ಟರಲ್ಲಿ ಎದ್ದು ಬಾಗಿಲು ತೆಗೆಯುವ ಶಕ್ತಿ ಹೋಗಿರುತ್ತದೆ. ಉರಿ ಇಲ್ಲದ ಕೆಂಡ ಹೊಗೆಯಾಡುವುದಿಲ್ಲ, ಹಾಗಾಗಿ ಅಪಾಯವಿಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ನಿಜ ಅದರ ತಿರುವುಮುರುವು.

ಅಡುಗೆಮನೆ ಎಷ್ಟು ದೂರ ಅಂತ ನೀವು ಬರೆದಿಲ್ಲ. ಮುಕ್ಕಾಲು ಇಂಚಿನ ಪೈಪಿನ ಒಂದು ಮೀಟರಿನಲ್ಲಿ 300 ಮಿಲಿಲೀಟರ್ ನೀರು ನಿಂತಿರುತ್ತದೆ. 20 ಮೀಟರ್ ದೂರವಿದ್ದರೆ ಪ್ರತಿ ಸಲವೂ ಆರು ಲೀಟರ್ ತಣ್ಣೀರು ಹೋದ ಮೇಲೇ ಬಿಸಿನೀರು ಬರುವುದು. ಅಷ್ಟು ದೂರವಿದ್ದರೆ ಅಡುಗೆಮನೆಯ ಸಾಲನ್ನು ಕೈಬಿಡುವುದು ಒಳ್ಳೆಯದು.

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. ಬಾಯ್ಲರಿನ ತಲೆಯಿಂದ ಮೇಲೆ ಹೋಗುವ ಗಾಳಿ ಪೈಪಿನಿಂದ ಬಿಸಿನೀರು ಉಕ್ಕಿ ಹೆಂಚಿನ ಮೇಲೆ ಸುರಿಯುತ್ತಿತ್ತು. ಪ್ಲಂಬರ್ ಬಂದು ಅದಕ್ಕೊಂದು ವಾಲ್ವ್ ಹಾಕಿ ಮುಚ್ಚಿದರು. ಈಗ ನೀರು ಸುರಿಯುವುದಿಲ್ಲ. ಆದರೆ ಪೈಪು ದಡದಡ ಸದ್ದು ಮಾಡುತ್ತದೆ, ನಲ್ಲಿ ತಿರುಗಿಸಿದರೆ ಹಬೆ ಉಗುಳುತ್ತದೆ. ತೊಂದರೆ ಇದೆಯಾ?

ಉತ್ತರ: ಇದೆ. ದಯವಿಟ್ಟು ಇವತ್ತಿನಿಂದಲೇ ಆ ಒಲೆಗೆ ಬೆಂಕಿ ಹಾಕಬೇಡಿ. ಈಗ ಕಾದಿದ್ದರೆ ಉರಿಯುವ ಸೌದೆ ಎಳೆದು ಹಾಕಿ, ಎಲ್ಲರೂ ದೂರ ಇರಿ. ಬಿಸಿ ಇರುವಾಗ ಆ ವಾಲ್ವಿಗೆ ಕೈ ಹಾಕಬೇಡಿ. ಪೂರ್ತಿ ತಣಿದ ಮೇಲೆ ವಾಲ್ವ್ ಬಿಚ್ಚಿಸಿ.

ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,600 ಲೀಟರ್ ಜಾಗ ಬೇಡುತ್ತದೆ. ದಾರಿ ಮುಚ್ಚಿದ್ದರೆ ಒಳಗಿನ ನೀರು 100 ಡಿಗ್ರಿ ದಾಟಿದರೂ ಒತ್ತಡದಿಂದಾಗಿ ನೀರಾಗಿಯೇ ಇರುತ್ತದೆ. ಬೆಸುಗೆ ಎಲ್ಲಾದರೂ ಬಿಟ್ಟ ಕ್ಷಣ ಒತ್ತಡ ಇಳಿಯುತ್ತದೆ, ಕಾದ ನೀರಿನ ಒಂದು ಪಾಲು ಒಮ್ಮೆಲೇ ಹಬೆಯಾಗುತ್ತದೆ. ಬಾಯ್ಲರ್ ಸಿಡಿಯುವುದು ಹೀಗೆ. ನೀವು ಕೇಳುತ್ತಿರುವ ದಡದಡ ಸದ್ದು ಹಬೆಯ ಗುಳ್ಳೆ ತಣ್ಣೀರು ತಾಗಿ ಕುಸಿಯುವ ಸದ್ದು. ಬಾಯ್ಲರ್ ನಿಮಗೆ ಮೊದಲೇ ಹೇಳುತ್ತಿದೆ.

ಮೊದಲು ನೀರು ಉಕ್ಕುತ್ತಿದ್ದುದೇಕೆ? ಎರಡು ಕಾರಣ ಇರಬಹುದು. ಮೊದಲನೆಯದು, ಗಾಳಿ ಪೈಪು ಗಿಡ್ಡವಾಗಿರುವುದು. ಅದರೊಳಗೆ ನೀರು ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಏರಿ ನಿಲ್ಲುತ್ತದೆ. ಬಿಸಿನೀರು ಹಗುರ, ಆದ್ದರಿಂದ ಇನ್ನೂ ಸ್ವಲ್ಪ ಮೇಲೇರುತ್ತದೆ. ಬಾಯ್ಲರಿನಿಂದ ಟ್ಯಾಂಕ್ ಐದು ಮೀಟರ್ ಮೇಲಿದ್ದರೆ ಈ ವ್ಯತ್ಯಾಸವೇ ಅರ್ಧ ಅಡಿಯಷ್ಟಾಗುತ್ತದೆ. ಪೈಪು ಟ್ಯಾಂಕಿನ ತುಂಬು ಮಟ್ಟಕ್ಕಿಂತ ಎರಡು ಅಡಿ ಮೇಲಕ್ಕೆ ಏರಿರಬೇಕು.

ಎರಡನೆಯದು, ಬಾಯ್ಲರಿಗೆ ತಣ್ಣೀರು ಬರುವ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ಇರುವುದು. ಬಿಸಿನೀರು ಪ್ಲಾಸ್ಟಿಕ್ ಟ್ಯಾಂಕಿಗೆ ಹಿಂದೆ ಹೋಗದಿರಲಿ ಅಂತ ಅದನ್ನು ಹಾಕುತ್ತಾರೆ. ಆದರೆ 100 ಲೀಟರ್ ನೀರು 20ರಿಂದ 80 ಡಿಗ್ರಿಗೆ ಕಾದರೆ ಎರಡೂವರೆ ಲೀಟರಿಗಿಂತ ಜಾಸ್ತಿ ಹಿಗ್ಗುತ್ತದೆ. ಹಿಂದಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಅಷ್ಟೂ ನೀರು ಗಾಳಿ ಪೈಪಿನಿಂದಲೇ ಬರಬೇಕು. ಅದು ದೋಷವಲ್ಲ, ಬಾಯ್ಲರ್ ಸರಿಯಾಗಿ ಕೆಲಸ ಮಾಡುತ್ತಿರುವ ಗುರುತು. ಅಷ್ಟು ಮೇಲೇರಿದ ಪೈಪಿನ ತುದಿಯನ್ನು ಕೆಳಗೆ ಬಗ್ಗಿಸಿ ಟ್ಯಾಂಕಿನೊಳಗೆ, ನೀರಿನ ಮಟ್ಟಕ್ಕಿಂತ ಮೇಲೆ ನಿಲ್ಲಿಸಿದರೆ ಹೆಂಚಿನ ಮೇಲೆ ಸುರಿಯುವುದು ನಿಲ್ಲುತ್ತದೆ. ತುದಿ ನೀರಲ್ಲಿ ಮುಳುಗಬಾರದು. ಮುಳುಗಿದರೆ ಬಿಸಿನೀರು ಸುತ್ತಿ ಸುತ್ತಿ ಟ್ಯಾಂಕಿಗೇ ಹೋಗುತ್ತಿರುತ್ತದೆ.

ಈ ಪೈಪಿಗೆ ವಾಲ್ವ್ ಬೇಡ, ಬಿರಡೆ ಬೇಡ, ಹಲ್ಲಿ ಹೋಗುತ್ತದೆ ಅಂತ ಬಟ್ಟೆ ತುರುಕುವುದೂ ಬೇಡ. ಲೋಹದ ಪೈಪೇ ಆಗಬೇಕು. ತುದಿಗೆ ದೊಡ್ಡ ಕಣ್ಣಿನ ಜಾಲರಿ ಕಟ್ಟಬಹುದು, ಅಷ್ಟೇ. ಜೊತೆಗೆ ಇನ್ನೊಂದು ರೂಢಿ ಮಾಡಿಕೊಳ್ಳಿ: ಬೆಂಕಿ ಹಚ್ಚುವ ಮೊದಲು ಬಿಸಿನೀರಿನ ನಲ್ಲಿ ಒಮ್ಮೆ ತಿರುಗಿಸಿ ನೀರು ಬರುತ್ತಿದೆಯಾ ನೋಡಿ. ಕರೆಂಟಿಲ್ಲದೆ ಪಂಪು ನಿಂತು ಟ್ಯಾಂಕ್ ಬರಿದಾಗಿದ್ದರೆ ಖಾಲಿ ಬಾಯ್ಲರಿಗೆ ಬೆಂಕಿ ಹಾಕಿದಂತಾಗುತ್ತದೆ. ಬೆಸುಗೆ ಬಿಡುವುದು ಹೆಚ್ಚಾಗಿ ಆಗಲೇ.

ಪ್ರಶ್ನೆ: ಹೊಸನಗರ ಕಡೆಯವರು ನಾವು. ಮಳೆಗಾಲ ಬಂದರೆ ಬಾಯ್ಲರ್ ಒಲೆ ಉರಿಯುವುದೇ ಇಲ್ಲ, ಹೊಗೆ ವಾಪಸು ಬರುತ್ತದೆ. ಚಿಮಣಿಯ ಬುಡದಲ್ಲಿ ಕಪ್ಪು ನೀರು ತೊಟ್ಟಿಕ್ಕುತ್ತದೆ. ಅಡಿಕೆ ಸಿಪ್ಪೆ, ದಬ್ಬೆ (ಸೀಳಿದ ಅಡಿಕೆ ಮರ), ತೆಂಗಿನ ಮಟ್ಟೆ ಉರಿಸಬಹುದೇ?

ಉತ್ತರ: ಆ ಕಪ್ಪು ನೀರು ಮಳೆ ನೀರಲ್ಲ, ನಿಮ್ಮ ಸೌದೆಯ ನೀರು. ಆಗ ತಾನೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು, ಆಮೇಲೆ ನಿಮ್ಮ ನೀರು ಕಾಯಿಸಬೇಕು. ಉರಿ ತಣ್ಣಗಾಗುತ್ತದೆ, ಹೊಗೆ ಪೂರ್ತಿ ಸುಡುವುದಿಲ್ಲ. ತಣ್ಣನೆ ಚಿಮಣಿಯಲ್ಲಿ ಆವಿ ಮತ್ತು ಹೊಗೆಯ ಅಂಟು ಸೇರಿ ಇಳಿಯುತ್ತದೆ. ಈ ಅಂಟು ಒಣಗಿ ಗಟ್ಟಿಯಾದ ಮೇಲೆ ಒಂದು ದಿನ ಒಣ ಸೌದೆಯ ಜೋರು ಉರಿ ತಾಗಿದರೆ ಚಿಮಣಿಯೇ ಹೊತ್ತಿಕೊಳ್ಳುತ್ತದೆ.

ಮಳೆಗಾಲದ ಒಲೆಯ ತಯಾರಿ ಡಿಸೆಂಬರಿನಲ್ಲೇ ಆಗಬೇಕು. ಕಡಿದ ಸೌದೆಯನ್ನು ದಿಮ್ಮಿಯಾಗಿ ಬಿಡದೆ ಸೀಳಿ ಹಾಕಿ. ತೊಗಟೆ ನೀರನ್ನು ಹೊರಗೆ ಬಿಡುವುದಿಲ್ಲ, ಸೀಳಿದ ಮೈ ಬಿಡುತ್ತದೆ. ನೆಲಕ್ಕೆ ತಾಗದಂತೆ ಎರಡು ಅಡ್ಡ ಮರದ ಮೇಲೆ ಪೇರಿಸಿ, ಬದಿ ಗಾಳಿಗೆ ತೆರೆದಿರಲಿ. ಸುತ್ತ ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರಿ ಬೂಸ್ಟು ಹಿಡಿಯುತ್ತದೆ. ಮೇ ಮುಗಿಯುವಷ್ಟರಲ್ಲಿ ಮಾಡಿನ ಕೆಳಗೆ ಸೇರಿಸಿ. ಎರಡು ಕಟ್ಟಿಗೆ ಬಡಿದು ನೋಡಿ: ಟಣ್ ಅಂದರೆ ಒಣಗಿದೆ, ದಪ್ ಅಂದರೆ ಇನ್ನೂ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆ ಗಾಳಿಯಲ್ಲಿ ಒಣ ಸೌದೆಯೂ ತೇವ ಎಳೆದುಕೊಳ್ಳುತ್ತದೆ. ಆದ್ದರಿಂದ ಒಂದು ವಾರದ ಸೌದೆ ಒಲೆಯ ಬಿಸಿ ತಾಗುವ ಕಡೆ, ಆದರೆ ಕಿಡಿ ತಾಗದಷ್ಟು ದೂರ ಇರಲಿ.

ದಬ್ಬೆ ಚೆನ್ನಾಗಿ ಉರಿಯುತ್ತದೆ. ಒಣ ಮಟ್ಟೆಯೂ ಸರಿ. ಅಡಿಕೆ ಸಿಪ್ಪೆ ಸುಮ್ನೆ ಭಗ್ ಅಂತ ಉರಿದು ಬೂದಿಯಾಗುತ್ತದೆ, ಒತ್ತಿ ತುಂಬಿದರೆ ಹೊಗೆ. ಸೌದೆ ಹೊತ್ತಿದ ಮೇಲೆ ಹಿಡಿ ಹಿಡಿಯಾಗಿ ಹಾಕಿ. ಪ್ಲಾಸ್ಟಿಕ್ ಚೀಲ, ಬಣ್ಣ ಬಳಿದ ಹಳೆ ಮರ ಒಲೆಗೆ ಬೇಡ.

ಚಿಮಣಿ ನೆಟ್ಟಗಿರಲಿ, ನಾಲ್ಕು ಇಂಚಿಗಿಂತ ಸಣ್ಣದು ಬೇಡ, ಮಾಡಿನ ನೆತ್ತಿಗಿಂತ ಎರಡು ಅಡಿ ಮೇಲಿರಲಿ. ಮೇಲೆ ತಗಡಿನ ಟೋಪಿ, ಬುಡದಲ್ಲಿ ಮಸಿ ತೆಗೆಯಲು ಬಾಗಿಲು. ಮಾಡಿನ ಮರದ ಪಕಾಸಿಗೂ ತಗಡಿನ ಚಿಮಣಿಗೂ ಒಂದೂವರೆ ಅಡಿ ಅಂತರ ಬೇಕು. ಕಲ್ನಾರಿನ ಪೈಪು ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಅದನ್ನು ಕೊಯ್ಯುವಾಗ ಏಳುವ ಧೂಳಿನ ಎಳೆ ಶ್ವಾಸಕೋಶಕ್ಕೆ ಸೇರಿದರೆ ಕ್ಯಾನ್ಸರ್ ತರಬಲ್ಲದು. ಉರಿಬಾಯಿಯಲ್ಲಿ ಸರಳಿನ ಜಾಲರಿ ಇದ್ದು ಕೆಳಗಿನಿಂದ ಗಾಳಿ ಬಂದರೆ ಅರ್ಧ ಹೊಗೆ ಅಲ್ಲೇ ಕಡಿಮೆಯಾಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಸೌದೆ, ದರಗು ತರಲು ಕಾಡಿಗೆ ಹೋಗುವ ಕಾಲವೂ ಮಂಗನ ಕಾಯಿಲೆಯ ಕಾಲವೂ ಒಂದೇ, ಡಿಸೆಂಬರಿನಿಂದ ಮೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಮೊದಲು ಗುರುತಿಸಿದ ಕಾಯಿಲೆ ಇದು, ಉಣುಗಿನಿಂದ ಹರಡುತ್ತದೆ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಹೋಗುವುದಾದರೆ ಮೈ ಮುಚ್ಚುವ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ಎಣ್ಣೆ ಹಚ್ಚಿಕೊಳ್ಳಿ, ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ತೋಟದ ದಬ್ಬೆ, ಮಟ್ಟೆಯಲ್ಲೇ ಬಾಯ್ಲರ್ ನಡೆಯುವುದಾದರೆ ಕಾಡಿನ ಕಡೆ ಹೋಗುವ ಅಗತ್ಯವೇ ಇಲ್ಲ.

ಪ್ರಶ್ನೆ: ಶಿವಮೊಗ್ಗದಲ್ಲಿದ್ದೇವೆ, ಆಗುಂಬೆ ಹತ್ತಿರ ಹೋಂಸ್ಟೇ ಮಾಡುವ ಯೋಚನೆ. ಚಳಿ ದೇಶಗಳಲ್ಲಿ ಸೌದೆ ಬಾಯ್ಲರಿನ ನೀರನ್ನು ಗೋಡೆಯ ರೇಡಿಯೇಟರುಗಳಿಗೆ ಹರಿಸಿ ಕೋಣೆ ಬೆಚ್ಚಗೆ ಮಾಡುತ್ತಾರಂತೆ. ಇಲ್ಲಿ ಮಾಡಬಹುದೇ?

ಉತ್ತರ: ಮಾಡಬಹುದು, ಆದರೆ ಬೇಡ ಅನ್ನುತ್ತೇನೆ. ಅಲ್ಲಿ ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ ತಿಂಗಳುಗಟ್ಟಲೆ ಇರುತ್ತದೆ. ಗೋಡೆ, ಮಾಡು, ಕಿಟಕಿ ಎಲ್ಲವನ್ನೂ ಶಾಖ ಹೋಗದಂತೆ ಕಟ್ಟಿರುತ್ತಾರೆ. ಬಾಯ್ಲರ್ ಒಮ್ಮೆ ಜೋರಾಗಿ ಉರಿದು ದೊಡ್ಡ ಟ್ಯಾಂಕಿನ ನೀರನ್ನು ಕಾಯಿಸುತ್ತದೆ, ಪಂಪು ಅದನ್ನು ದಿನವಿಡೀ ಸುತ್ತಿಸುತ್ತದೆ. ನಮ್ಮ ಹೆಂಚಿನ ಸಂದಿಯಲ್ಲಿ ಆ ಶಾಖ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಪಂಪು ನಿಂತರೂ ಸೌದೆ ಉರಿಯುತ್ತಲೇ ಇರುತ್ತದೆ, ನೀರು ಕುದಿಯುತ್ತದೆ. ಹೆಂಚಿನ ಕೆಳಗೆ ಹಲಗೆ ಹೊಡೆಸಿ, ಕಿಟಕಿಯ ಸಂದಿ ಮುಚ್ಚಿಸಿ. ಅತಿಥಿಗಳಿಗೆ ಹೊತ್ತಿಗೆ ಸರಿಯಾಗಿ ಬಿಸಿನೀರು ಸಿಗುವ ಒಳ್ಳೆಯ ಬಾಯ್ಲರ್ ಹಾಕಿಸಿ. ಒದ್ದೆ ಬಟ್ಟೆ ಒಣಗಿಸಲು ಬಾಯ್ಲರ್ ಮನೆಯ ಬೆಚ್ಚನೆ ಗೋಡೆಯ ಆಚೆ ಒಂದು ಸಣ್ಣ ಕೋಣೆ ಬಿಟ್ಟರೆ ಆಷಾಢದಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಪ್ರಶ್ನೆ: ಬಾಯ್ಲರ್ ಬೂದಿಯನ್ನು ಅಡಿಕೆ ಮರದ ಬುಡಕ್ಕೆ ಹಾಕಬಹುದೇ? (ಕೊಪ್ಪದಿಂದ)

ಉತ್ತರ: ಧಾರಾಳವಾಗಿ. ಅದರಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶ ಇದೆ, ನಮ್ಮ ಹುಳಿ ಮಣ್ಣಿಗೆ ಒಳ್ಳೆಯದು. ತೆಳ್ಳಗೆ ಹರಡಿ. ಯೂರಿಯಾ ಅಥವಾ ಹಸಿ ಗೊಬ್ಬರದ ಜೊತೆ ಕಲಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಬೂದಿಯೊಳಗೆ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ತಗಡಿನ ಡಬ್ಬದಲ್ಲಿ ಮುಚ್ಚಿ, ಎರಡು ದಿನ ಬಿಟ್ಟು ತೋಟಕ್ಕೆ ಒಯ್ಯಿರಿ.