ಉತ್ತರ ನಿಮ್ಮ ತಾಜಾ ಕಲಮಿನಲ್ಲೇ ಇದೆ

ಓದುಗರ ಪತ್ರ: ಎರಡು ತಿಂಗಳಿಂದ ನನಗೆ ಬೀಳುತ್ತಿರುವ ಕನಸುಗಳು ಎಚ್ಚರಕ್ಕಿಂತ ನಿಚ್ಚಳವಾಗಿವೆ. ಮೊನ್ನೆ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡುತ್ತಿದ್ದೆ. ಒಬ್ಬ ಹುಡುಗಿಯ ಪೆನ್ನು ಸೋರಿ ನನ್ನ ಅಂಗೈಯೆಲ್ಲ ನೀಲಿಯಾಯಿತು. ಎದ್ದು ನಲ್ಲಿಯ ಕೆಳಗೆ ಕೈ ಹಿಡಿದ ಮೇಲೆಯೇ ಅದು ಕನಸೆಂದು ತಿಳಿದದ್ದು. ಮೊದಲು ಕನಸೇ ಬೀಳದಿದ್ದ ನನಗೆ ಇದೇನಾಯಿತು? ಮಿದುಳಿಗೆ ತೊಂದರೆಯೇ? ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎನ್ನುವುದು ಹೌದೇ?
ತಾ.ಕ.: ನಿವೃತ್ತಿಯಾದ ಮೇಲೆ ಅಲಾರಂ ಇಡುವುದನ್ನು ಬಿಟ್ಟಿದ್ದೇನೆ. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್ ಮಾತ್ರೆ ಶುರುವಾಗಿದೆ. ಉಳಿದಂತೆ ಕ್ಷೇಮ.
— ನಿವೃತ್ತ ಶಿಕ್ಷಕಿ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಶಾಯಿಯ ಪ್ರಸಂಗಕ್ಕೆ ಮರುಳಾದೆ, ಎರಡನೆಯ ಸಲ ತಾಜಾ ಕಲಮಿನ ಹತ್ತಿರ ತಡೆದು ನಿಂತೆ. ಓದುಗರ ಪತ್ರಗಳ ನಡುವೆ ಕೂದಲು ನರೆಸಿಕೊಂಡವನಿಗೆ ಒಂದು ಸಂಗತಿ ಗೊತ್ತಿರುತ್ತದೆ: ಜನ ಮುಖ್ಯವಾದುದನ್ನು ಸಹಿ ಹಾಕಿದ ಮೇಲೆಯೇ ನೆನಪಿಸಿಕೊಳ್ಳುತ್ತಾರೆ. ನೀವೂ ಹಾಗೆಯೇ ಮಾಡಿದ್ದೀರಿ. ಅಲಾರಂ ಮತ್ತು ಮಾತ್ರೆ, ಈ ಎರಡರಲ್ಲೇ ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರವಿದೆ.

ಅದಕ್ಕೂ ಮೊದಲು ಶಿಕ್ಷಕಿಯೊಬ್ಬರ ವಾಕ್ಯಕ್ಕೆ ಕೆಂಪು ಮಸಿ ಹಚ್ಚುವ ಧೈರ್ಯ ಮಾಡುತ್ತೇನೆ. ‘ಕನಸೇ ಬೀಳದಿದ್ದ ನನಗೆ’ ಎಂದಿದ್ದೀರಿ. ಬೀಳುತ್ತಿದ್ದವು, ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಯೂಜಿನ್ ಅಸೆರಿನ್ಸ್ಕಿ ತನ್ನ ಪುಟ್ಟ ಮಗನ ತಲೆಗೇ ತಂತಿಗಳನ್ನು ಅಂಟಿಸಿ ರಾತ್ರಿಯೆಲ್ಲ ಕಾದು ಕುಳಿತು ನೋಡಿದ್ದು, ನಿದ್ರೆಯ ನಡುವೆ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುವುದನ್ನು. ಅವನೂ ಅವನ ಗುರು ನಥಾನಿಯೆಲ್ ಕ್ಲೈಟ್‌ಮನ್ನನೂ 1953ರಲ್ಲಿ ಇದನ್ನು ಪ್ರಕಟಿಸಿದರು. ಈ ಹಂತಕ್ಕೆ ಈಗ ರೆಮ್ ನಿದ್ರೆ ಎಂಬ ಹೆಸರಿದೆ. 1957ರಲ್ಲಿ ಕ್ಲೈಟ್‌ಮನ್ ಮತ್ತು ವಿಲಿಯಂ ಡಿಮೆಂಟ್ ಮಲಗಿದವರನ್ನು ಈ ಹಂತದಲ್ಲೇ ಎಬ್ಬಿಸಿ ಕೇಳಿದಾಗ ಸುಮಾರು ಶೇ 80ರಷ್ಟು ಸಲ ಕನಸಿನ ವಿವರ ಸಿಕ್ಕಿತು. ಆ ಹಂತ ಮುಗಿದು ಕೆಲವು ನಿಮಿಷ ಕಳೆದ ಮೇಲೆ ಎಬ್ಬಿಸಿದರೆ ಹೆಚ್ಚಿನವರ ಬಾಯಲ್ಲಿ ಏನೂ ಇರಲಿಲ್ಲ. ಕನಸು ಅಷ್ಟು ಬೇಗ ಆರಿಹೋಗುವ ಹಸಿ ಬರಹ.

ಈಗ ಅಲಾರಂ ವಿಷಯ. ನಿದ್ರೆ ಸುಮಾರು 90 ನಿಮಿಷಕ್ಕೊಂದು ಸುತ್ತಿನಂತೆ ಸಾಗುತ್ತದೆ. ರಾತ್ರಿಯ ಮೊದಲ ಸುತ್ತುಗಳಲ್ಲಿ ಗಾಢನಿದ್ರೆಯದೇ ದರ್ಬಾರು, ರೆಮ್ ಹಂತಕ್ಕೆ ಸಿಗುವುದು ಕೆಲವೇ ನಿಮಿಷ. ಬೆಳಗು ಹತ್ತಿರವಾದಂತೆ ಲೆಕ್ಕ ತಿರುಗುಮುರುಗಾಗಿ, ಕೊನೆಯ ಸುತ್ತಿನಲ್ಲಿ ರೆಮ್ ಅರ್ಧ ಗಂಟೆಯನ್ನೂ ಮೀರಬಹುದು. ವೃತ್ತಿಯಲ್ಲಿದ್ದಷ್ಟು ಕಾಲ ನೀವು ಕತ್ತಲಿರುವಾಗಲೇ ಅಲಾರಂ ಹೊಡೆಸಿ ಆ ಕೊನೆಯ ಸುತ್ತನ್ನು ಕತ್ತರಿಸಿ ಹಾಕುತ್ತಿದ್ದಿರಿ ಎಂದು ಊಹಿಸುತ್ತೇನೆ. ಎದ್ದ ಕೂಡಲೇ ದಿನದ ಗಡಿಬಿಡಿ. ಅಳಿದುಳಿದ ಕನಸನ್ನೂ ಅದು ಒರೆಸಿಬಿಡುತ್ತಿತ್ತು. ಈಗ ಕೊನೆಯ ಸುತ್ತು ಪೂರ್ತಿಯಾಗುತ್ತಿದೆ, ಅದರ ಮಧ್ಯದಿಂದಲೋ ಅಂಚಿನಿಂದಲೋ ನೀವು ತಾನಾಗಿಯೇ ಏಳುತ್ತಿದ್ದೀರಿ, ಎದ್ದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ಮಲಗಿರುತ್ತೀರಿ. ಹಿಡಿದಿಡಲು ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

ಬೆಳಗಿನ ಜಾವದ ಕನಸಿನ ಗುಟ್ಟೂ ಇಷ್ಟೇ. ಆಗ ಬೀಳುವುದು ಉದ್ದದ್ದು, ನೆನಪಿನಲ್ಲಿ ಉಳಿಯುವಂಥದ್ದು. ಹೀಗಾಗಿ ಅದಕ್ಕೆ ಶಕುನದ ಮರ್ಯಾದೆ. ನಿಮ್ಮ ಅಂಗೈ ಮುಂದೊಂದು ದಿನ ನೀಲಿಯಾಗುವುದಾದರೆ ಅದಕ್ಕೆ ಪೆನ್ನು ಕಾರಣವಾಗಿರುತ್ತದೆ.

ಇಷ್ಟು ನಿಚ್ಚಳವಾಗಿ ಕಾಣುವುದೇಕೆ? ರೆಮ್ ಹಂತದಲ್ಲಿ ಮಿದುಳಿನ ದೃಶ್ಯಗಳನ್ನು ಕಟ್ಟುವ ಭಾಗಗಳೂ ಭಾವನೆಯ ಕೇಂದ್ರವಾದ ಅಮಿಗ್ಡಲವೂ ಚುರುಕಾಗಿರುತ್ತವೆ. ಹಣೆಯ ಹಿಂದಿನ, ‘ಇದು ಸಾಧ್ಯವೇ?’ ಎಂದು ಕೇಳುವ ಭಾಗ ಮಾತ್ರ ಮಂಕಾಗಿರುತ್ತದೆ. ಮೇಲ್ವಿಚಾರಕರೇ ಹೊರಗೆ ಹೋದ ಪರೀಕ್ಷಾ ಕೊಠಡಿಯನ್ನು ನಿಮಗೆ ನಾನು ವರ್ಣಿಸಬೇಕಾಗಿಲ್ಲ.

ಇನ್ನು ಮಾತ್ರೆ. ಮೆಟೊಪ್ರೊಲಾಲ್ ಬೀಟಾ ಬ್ಲಾಕರ್ ಎಂಬ ಗುಂಪಿಗೆ ಸೇರಿದ್ದು. ಈ ಗುಂಪಿನ ಕೆಲವು ಔಷಧಗಳು, ಮೆಟೊಪ್ರೊಲಾಲ್ ಮತ್ತು ಪ್ರೊಪ್ರನೊಲಾಲ್ ಸೇರಿದಂತೆ, ರಕ್ತದಿಂದ ಮಿದುಳಿನೊಳಕ್ಕೆ ಸುಲಭವಾಗಿ ನುಸುಳುತ್ತವೆ. ಎದ್ದುಕಾಣುವ ಕನಸುಗಳು ಇವುಗಳ ಪರಿಚಿತ ಅಡ್ಡಪರಿಣಾಮ. ಅಟೆನೊಲಾಲ್‌ನಂಥವು ಅಷ್ಟಾಗಿ ಒಳಗೆ ಹೋಗುವುದಿಲ್ಲ. ಖಿನ್ನತೆಯ ಕೆಲವು ಔಷಧಗಳು, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ, ರಾತ್ರಿಯಿಡೀ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿ ಇವೂ ಇದೇ ಆಟ ಆಡಬಲ್ಲವು. ಕನಸುಗಳು ಶುರುವಾದ ವಾರವನ್ನೂ ಮಾತ್ರೆ ಶುರುವಾದ ವಾರವನ್ನೂ ಅಕ್ಕಪಕ್ಕ ಬರೆದು ನೋಡಿ. ಎರಡೂ ಹೊಂದಿಕೊಂಡರೆ ಆ ಚೀಟಿಯನ್ನೇ ವೈದ್ಯರಿಗೆ ತೋರಿಸಿ. ಮಾತ್ರೆಯನ್ನೋ ಅದನ್ನು ನುಂಗುವ ಹೊತ್ತನ್ನೋ ಬದಲಿಸಬೇಕೇ ಎಂಬುದನ್ನು ಅವರು ಹೇಳುತ್ತಾರೆ.

ನನ್ನದೊಂದು ಅನುಭವ ಹೇಳದೆ ಇರಲಾರೆ. ಪ್ರತಿವರ್ಷ ವಿಶೇಷಾಂಕದ ಹೊತ್ತಿಗೆ ಹತ್ತು ಹನ್ನೆರಡು ದಿನ ನನಗೆ ನಾಲ್ಕು ಗಂಟೆಯ ನಿದ್ರೆ. ಸಂಚಿಕೆ ಅಚ್ಚಿಗೆ ಹೋದ ರಾತ್ರಿ ಬೀಳುವ ಕನಸುಗಳಿವೆಯಲ್ಲ! ಕರಡಚ್ಚಿನ ಸಾಲುಗಳು ಪುಟದಿಂದಿಳಿದು ಮೇಜಿನ ಕಾಲಿನ ಮೇಲೆ ಹರಿದಾಡುತ್ತವೆ, ನಾನು ಒತ್ತಕ್ಷರಗಳನ್ನು ಹೆಕ್ಕುತ್ತಾ ಅವುಗಳ ಹಿಂದೆ ಓಡುತ್ತೇನೆ. ಕಾರಣ ಗೊತ್ತಾಗುವವರೆಗೆ ನಾನೂ ಹೆದರಿದ್ದೆ. ರೆಮ್ ನಿದ್ರೆಯನ್ನು ಬಾಕಿ ಉಳಿಸಿಕೊಂಡರೆ ಮಿದುಳು ಅವಕಾಶ ಸಿಕ್ಕಿದ ಕೂಡಲೇ ಅದನ್ನು ವಸೂಲಿ ಮಾಡುತ್ತದೆ. ಮದ್ಯವೂ ಇದೇ ಬಾಕಿಯನ್ನು ಬೆಳೆಸುತ್ತದೆ: ಮೊದಲರ್ಧ ರಾತ್ರಿ ರೆಮ್ ಹಂತವನ್ನು ಅದುಮಿಟ್ಟು ಎರಡನೆಯ ಅರ್ಧದಲ್ಲಿ ಕಟ್ಟೆಯೊಡೆಸುತ್ತದೆ.

ಮಿದುಳಿನ ಬಗ್ಗೆ ನಿಮಗಿರುವ ಭಯಕ್ಕೆ ನಿಮ್ಮ ಪತ್ರದಲ್ಲಿ ನನಗೆ ಆಧಾರ ಕಾಣಲಿಲ್ಲ. ರೆಮ್ ಹಂತದಲ್ಲಿ ಕೈಕಾಲುಗಳ ಸ್ನಾಯುಗಳು ಸಡಿಲಗೊಂಡು ಅಲುಗದಂತಾಗುತ್ತವೆ. ಆ ಕಟ್ಟು ತಪ್ಪಿ, ಕನಸಿನಲ್ಲಿ ಹೊಡೆದದ್ದು ನಿಜವಾಗಿಯೂ ಪಕ್ಕದವರಿಗೆ ಬೀಳುವಂತಿದ್ದರೆ, ಮಂಚದಿಂದ ಉರುಳುವಂತಿದ್ದರೆ, ನರರೋಗ ತಜ್ಞರನ್ನು ಕಾಣಲೇಬೇಕು. ಕೆಲವರಲ್ಲಿ ಅದು ಪಾರ್ಕಿನ್ಸನ್ ಕಾಯಿಲೆಗಿಂತ ವರ್ಷಗಳ ಮೊದಲೇ ತೋರುವ ಲಕ್ಷಣ. ನೀವು ಎದ್ದ ಮೇಲೆ ನಲ್ಲಿಯವರೆಗೆ ನಡೆದಿರಿ. ಅದು ಬೇರೆ ವಿಚಾರ. ಹಾಗೆಯೇ ಒಂದೇ ದುಃಸ್ವಪ್ನ ಮತ್ತೆಮತ್ತೆ ಬಂದು ನಿದ್ರೆ ಕೆಡಿಸುತ್ತಿದ್ದರೂ ಸುಮ್ಮನಿರಬಾರದು. ಹಗಲಿನಲ್ಲಿ ಆ ಕನಸಿಗೆ ಬೇರೆ ಮುಕ್ತಾಯ ಕೊಟ್ಟು, ಅದನ್ನು ಮನಸ್ಸಿನಲ್ಲಿ ದಿನವೂ ಅಭ್ಯಾಸ ಮಾಡಿಸುವ ಚಿಕಿತ್ಸೆಯೊಂದಿದೆ, ಹಲವರಿಗೆ ಫಲಿಸಿದೆ ಕೂಡ.

ನಿಮ್ಮದು ಅಂಥ ಕನಸಲ್ಲ. ನನಗೇನೋ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

— ಸಂಪಾದಕ

ತಾ.ಕ.: ನನ್ನ ಉತ್ತರವನ್ನು ಓದಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬೀಟಾ ಬ್ಲಾಕರ್‌ಗಳನ್ನು ಥಟ್ಟನೆ ಬಿಟ್ಟರೆ ಎದೆನೋವು, ಕೆಲವರಿಗೆ ಹೃದಯಾಘಾತವೂ ಆಗಬಹುದು. ಬಿಡುವುದಿದ್ದರೆ ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಬಿಡಬೇಕು. ಮತ್ತೆ, ಆ ಹುಡುಗಿಗೆ ಬೇರೆ ಪೆನ್ನು ಸಿಕ್ಕಿತೇ?