ಊರ ತುಂಬ ವಿದ್ಯಾರ್ಥಿಗಳು, ಕೌನ್ಸಿಲ್‌ನಲ್ಲಿ ಎಷ್ಟು ಜನ?

ಪ್ರಶ್ನೆ: ನನ್ನ ಮಗಳು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅಲ್ಲಿ ಓದುತ್ತಿರುವಾಗಲೇ ಒಬ್ಬ ಹುಡುಗಿ ನಗರ ಕೌನ್ಸಿಲ್‌ಗೆ ಗೆದ್ದು ಬಂದಳಂತೆ. ಮಿಷಿಗನ್‌ನ ಆನ್ ಆರ್ಬರ್‌ನಲ್ಲಿರುವ ಅಣ್ಣನ ಮಗ ಮಾತ್ರ ‘ನಮ್ಮಲ್ಲಿ ಅದೆಲ್ಲ ಕಷ್ಟ ಚಿಕ್ಕಪ್ಪ’ ಅನ್ನುತ್ತಾನೆ. ಎರಡೂ ವಿದ್ಯಾರ್ಥಿಗಳೇ ತುಂಬಿರುವ ಊರು ಅಲ್ವಾ? ಅಂದ ಹಾಗೆ, ನನ್ನ ಮಗಳಿಗೂ ಅಲ್ಲಿ ಓಟು ಇದೆಯಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ಸ್ಟೂಡೆಂಟ್ ವೀಸಾದಲ್ಲಿ ಹೋದವರಿಗೆ ಅಲ್ಲಿ ಓಟಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವೋಟರ್ ಲಿಸ್ಟಿನ ಮಾತೂ ಬರುತ್ತದೆ. ಓದದೆ ಸುಮ್ನೆ ‘ಹೌದು’ ಎಂದು ಗುರುತು ಹಾಕಿದರೆ ಮುಂದೆ ವೀಸಾಕ್ಕೇ ಕುತ್ತು ಬರಬಹುದು. ಮಗಳಿಗೆ ಇವತ್ತೇ ಫೋನ್ ಮಾಡಿ ಹೇಳಿ.

ತಮಾಷೆ ಏನೆಂದರೆ, ಓಟಿಲ್ಲದಿದ್ದರೂ ಲೆಕ್ಕಕ್ಕೆ ಇದ್ದಾರೆ. ಅಮೆರಿಕದ ಜನಗಣತಿ ವಿದ್ಯಾರ್ಥಿಗಳನ್ನು ಅಪ್ಪ ಅಮ್ಮನ ಮನೆಯಲ್ಲಿ ಎಣಿಸುವುದಿಲ್ಲ, ಓದುವ ಊರಿನಲ್ಲಿ ಎಣಿಸುತ್ತದೆ. ಹೊರದೇಶದವರೂ ಅದರಲ್ಲಿ ಸೇರುತ್ತಾರೆ. ವಾರ್ಡುಗಳ ಗಡಿ ಹಾಕುವುದು ಈ ಲೆಕ್ಕ ಹಿಡಿದೇ.

ಇನ್ನು ಬರ್ಕ್ಲಿಯ ಕಥೆ. 2020ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 1,24,321. ವಿಶ್ವವಿದ್ಯಾಲಯದಲ್ಲಿ ಓದುವವರೇ ಸುಮಾರು 45 ಸಾವಿರ. ಇಷ್ಟಿದ್ದರೂ ಬಹಳ ಕಾಲ ಕೌನ್ಸಿಲ್‌ನಲ್ಲಿ ವಿದ್ಯಾರ್ಥಿಗಳ ಸದ್ದೇ ಇರಲಿಲ್ಲ. 1984ರಲ್ಲಿ ನ್ಯಾನ್ಸಿ ಸ್ಕಿನ್ನರ್ ಎಂಬ ವಿದ್ಯಾರ್ಥಿನಿ ಗೆದ್ದಿದ್ದರು. ಆಗ ಇಡೀ ಊರೇ ಒಂದು ಕ್ಷೇತ್ರ. 1986ರಲ್ಲಿ ಊರನ್ನು 8 ವಾರ್ಡು ಮಾಡಿದರು. ಚಿಕ್ಕ ವಾರ್ಡು ಬಂದರೆ ವಿದ್ಯಾರ್ಥಿಗಳಿಗೆ ಅನುಕೂಲ ಎಂದುಕೊಳ್ಳುತ್ತೇವೆ. ಆದದ್ದು ಉಲ್ಟಾ. ಗಡಿಗಳು ಕ್ಯಾಂಪಸ್‌ನ ಸುತ್ತಲಿನ ಬೀದಿಗಳನ್ನು ಹರಿದು ಹಂಚಿದವು. ಪ್ರತಿ ವಾರ್ಡಿನಲ್ಲೂ ಒಂದಿಷ್ಟು ವಿದ್ಯಾರ್ಥಿಗಳು, ಎಲ್ಲೂ ಗೆಲ್ಲುವಷ್ಟಿಲ್ಲ. ಹಳೆಯ ಗಡಿಯನ್ನು ಜಾಸ್ತಿ ಬದಲಿಸಬಾರದು ಎಂದು ನಗರದ ಕಾನೂನಿನಲ್ಲೇ ಬರೆದಿಟ್ಟಿದ್ದರು.

2012ರಲ್ಲಿ ಜನರೇ ಓಟು ಹಾಕಿ ಆ ಕಟ್ಟು ಬಿಚ್ಚಿದರು. 2014ರ ಚುನಾವಣೆಗೆ ಕ್ಯಾಂಪಸ್‌ನ ದಕ್ಷಿಣಕ್ಕಿರುವ 7ನೇ ವಾರ್ಡು ವಿದ್ಯಾರ್ಥಿಗಳೇ ತುಂಬಿದ ವಾರ್ಡಾಯಿತು. ಜಗಳ ಆಗಲೂ ತಪ್ಪಲಿಲ್ಲ. ಉತ್ತರ ಬದಿಯ ಹಾಸ್ಟೆಲ್ಲುಗಳನ್ನೂ, ವಿದ್ಯಾರ್ಥಿಗಳೇ ಸೇರಿ ನಡೆಸುವ ಕೋ-ಆಪ್ ಮನೆಗಳನ್ನೂ ಬೇಕಂತಲೇ ಹೊರಗಿಟ್ಟಿದ್ದಾರೆ ಎಂಬ ದೂರು. ಅದು ಮತ್ತೆ ಜನರ ಓಟಿಗೇ ಹೋಗಿ, ಹೊಸ ನಕ್ಷೆ ಉಳಿಯಿತು. 2018ರಲ್ಲಿ ಆಗಷ್ಟೇ ಪದವಿ ಮುಗಿಸಿದ್ದ ರೈಜೆಲ್ ರಾಬಿನ್ಸನ್ ಅಲ್ಲಿಂದ ಗೆದ್ದರು. ಅವರು ರಾಜೀನಾಮೆ ಕೊಟ್ಟ ಮೇಲೆ, 2024ರ ಏಪ್ರಿಲ್‌ನ ಉಪಚುನಾವಣೆಯಲ್ಲಿ ಸಿಸಿಲಿಯಾ ಲೂನಾಪಾರಾ. ನಿಮ್ಮ ಮಗಳು ಹೇಳಿದ ಹುಡುಗಿ ಇವರೇ ಇರಬೇಕು.

ಆನ್ ಆರ್ಬರ್‌ಗೆ ಬನ್ನಿ. ಅಲ್ಲಿನ ಕಾನೂನು ವಾರ್ಡುಗಳು ಹೇಗಿರಬೇಕು ಎಂದೇ ಹೇಳುತ್ತದೆ: ಹೋಳಿಗೆಯನ್ನು ನಡುವಿನಿಂದ ಐದು ತುಂಡು ಮಾಡಿದ ಹಾಗೆ, ಚೂಪು ತುದಿ ಊರಿನ ನಡುವೆ. ವಿದ್ಯಾರ್ಥಿಗಳು ಹೆಚ್ಚು ಇರುವುದೂ ಆ ನಡುವಿನಲ್ಲೇ. ಹೂರಣ ಐದು ಪಾಲಾಯಿತು, ನೋಡಿ.

ನನ್ನನ್ನು ಕೇಳಿದರೆ ಇನ್ನೂ ದೊಡ್ಡ ತೊಡಕು ಕ್ಯಾಲೆಂಡರಿನದ್ದು. ಊರು ಡೆಮಾಕ್ರಟಿಕ್ ಪಕ್ಷದ ಕೋಟೆ. ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯಲ್ಲಿ ಗೆದ್ದವರು ಬಹುಮಟ್ಟಿಗೆ ಗೆದ್ದ ಹಾಗೆಯೇ. ಆ ಪ್ರೈಮರಿ ನಡೆಯುವುದು ಆಗಸ್ಟ್ ಮೊದಲಿನಲ್ಲಿ. ಆಗ ಹುಡುಗರು ರಜೆಗೆ ಹೋಗಿರುತ್ತಾರೆ, ಹಳೆ ಬಾಡಿಗೆ ಕರಾರು ಮುಗಿಯುವ, ಹೊಸದು ಶುರುವಾಗುವ ಹೊತ್ತು. ಹಿಂದೆ ನಗರದ ಚುನಾವಣೆ ಏಪ್ರಿಲ್‌ನಲ್ಲಿ, ಅಂದರೆ ತರಗತಿ ನಡೆಯುವಾಗ ಇತ್ತು. 1971ರಲ್ಲಿ ಅಮೆರಿಕದಲ್ಲಿ 18 ತುಂಬಿದವರಿಗೆ ಓಟು ಸಿಕ್ಕಿತು. 1974ರ ಏಪ್ರಿಲ್‌ನಲ್ಲಿ ಕ್ಯಾಥಿ ಕೊಜಾಚೆಂಕೊ ಎಂಬ 21ರ ವಿದ್ಯಾರ್ಥಿನಿ 52 ಓಟಿನ ಅಂತರದಲ್ಲಿ ಗೆದ್ದರು. ವಾರ್ಡು ಹೋಳಾಗಿದ್ದರೂ ಹುಡುಗರು ಊರಲ್ಲಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ? ನಿಮ್ಮ ಅಣ್ಣನ ಮಗನ ಮಾತು ಸರಿ.

ಪ್ರಶ್ನೆ: ವಾರ್ಡೇ ಬೇಡ, ಬೇರೆ ದಾರಿ ಇಲ್ಲವೇ?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಇದೆ. ಹಾರ್ವರ್ಡ್, ಎಂಐಟಿ ಇರುವ ಕೇಂಬ್ರಿಜ್‌ನಲ್ಲಿ 1941ರಿಂದ ಹಾಗೇ ನಡೆದಿದೆ. ಊರಿಗೆಲ್ಲ ಸೇರಿ 9 ಜನ. ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಅಂಕಿ ಹಾಕುತ್ತಾರೆ. ಒಟ್ಟು ಓಟಿನ ಹತ್ತನೇ ಒಂದು ಪಾಲಿಗಿಂತ ಒಂದು ಜಾಸ್ತಿ ಸಿಕ್ಕರೆ ಸೀಟು. ವಿದ್ಯಾರ್ಥಿಗಳು ಯಾವ ಬೀದಿಯಲ್ಲಿದ್ದರೂ ಪರವಾಗಿಲ್ಲ, ಓಟು ಒಂದೇ ಕಡೆ ಸೇರುತ್ತದೆ. ಆದರೆ ಅಲ್ಲಿ ಚುನಾವಣೆ ಬೆಸ ವರ್ಷಗಳಲ್ಲಿ. ಅಧ್ಯಕ್ಷರ ಚುನಾವಣೆಯ ಗದ್ದಲ ಇಲ್ಲದ ವರ್ಷ ಮತಗಟ್ಟೆಗೆ ಹುಡುಗರನ್ನು ಎಬ್ಬಿಸಿಕೊಂಡು ಹೋಗುವುದು ಸುಲಭವಲ್ಲ.

ನಮ್ಮಲ್ಲೂ ಹಾಸ್ಟೆಲ್ ಹುಡುಗರು ಮನೆಯ ವಿಳಾಸವಾಗಲಿ, ಹಾಸ್ಟೆಲ್ ವಿಳಾಸವಾಗಲಿ ಕೊಟ್ಟು ಮತದಾರರ ಪಟ್ಟಿಗೆ ಸೇರಬಹುದು, ಎರಡೂ ಕಡೆ ಮಾತ್ರ ಆಗದು. 21 ತುಂಬಿದರೆ ಪಾಲಿಕೆಗೆ ನಿಲ್ಲಲೂಬಹುದು. ನಾನು ನೋಡಿದ ಹಾಸ್ಟೆಲ್ಲುಗಳಲ್ಲಿ ಹೆಚ್ಚಿನವರ ಹೆಸರು ಊರಿನ ಪಟ್ಟಿಯಲ್ಲೇ ಇರುತ್ತದೆ. ಓಟಿನ ದಿನ ಬಸ್ಸು ಹತ್ತುತ್ತಾರೆ. ಹಾಸ್ಟೆಲ್ ಮುಂದಿನ ಬೀದಿ ದೀಪ ಕೆಟ್ಟಿದ್ದರೆ ಕೌನ್ಸಿಲರ್ ತಲೆ ಕೆಡಿಸಿಕೊಳ್ಳದಿರುವುದಕ್ಕೆ ಅದೂ ಒಂದು ಕಾರಣ.